ಅರ್ಧ ವಾಕ್ಯದ ಕೇಶವನ್

ಅವಿನಾಶಿಯ ಕಡೆ ಹೋಗಿ ಚೆನ್ನಕೇಶವನ್ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮೈಕ್ ಕೇಶವನ್ ಅಂದರೆ ಸಾಕು, ಕೈಮಗ್ಗದವರ ಬೀದಿಯ ಕೊನೆಯ ಮನೆಯವರೆಗೂ ಯಾರಾದರೊಬ್ಬರು ಬಂದು ಬಿಟ್ಟುಹೋಗುತ್ತಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಅನ್ನುವಂಥ ಬೀದಿ ಅದು. ಆಡುವ ಕನ್ನಡವನ್ನು ಓದಲು ಅಲ್ಲಿ ಯಾರಿಗೂ ಬಾರದು, ಅದರಿಂದ ಯಾರ ಊಟವೂ ನಿಂತಿಲ್ಲ. ಕೇಶವನ ಅಪ್ಪ, ಅಜ್ಜ ಎಲ್ಲ ಕುಳಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವರು. ಇವನೊಬ್ಬನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಾರಲ್ಲ, ಆ ಬಾಯೊಂದನ್ನೇ ನಂಬಿ ಪ್ರಚಾರದ ಆಟೋ ಹತ್ತಿದ.

ಆಟೋದ ನೆತ್ತಿಯ ಮೇಲೆ ಎರಡು ಲೌಡ್‌ಸ್ಪೀಕರು, ಒಳಗೆ ಮೈಕು ಹಿಡಿದ ಕೇಶವನ್. ಸೀರೆ ಮಾರಾಟ, ಸರ್ಕಸ್ಸು, ಸಿನಿಮಾ, ದೇವಸ್ಥಾನದ ಅನ್ನದಾನ, ಸತ್ತವರ ಸುದ್ದಿ, ಯಾವುದಾದರೂ ಸರಿ. ತಿರುಪ್ಪೂರಿನ ಬನಿಯನ್ ಕಂಪನಿಗಳ ಸಂದುಗೊಂದಿಯಿಂದ ಹಿಡಿದು ಕೊಯಮತ್ತೂರಿನ ಉಕ್ಕಡಂ ಬಸ್‌ಸ್ಟ್ಯಾಂಡಿನವರೆಗೆ ಅವನ ಗಂಟಲು ಕೇಳದ ಮೂಲೆ ಇರಲಿಲ್ಲ. ತಾನು ಕೂಗಿದ ಸಿನಿಮಾ ಒಂದನ್ನೂ ಅವನು ನೋಡಿದವನಲ್ಲ, ಸೀರೆ ಒಂದನ್ನೂ ಮುಟ್ಟಿ ನೋಡಿದವನಲ್ಲ. ಮಾಲೀಕ ಒಂದು ಸಾಲು ಹೇಳಿದರೆ ಸಾಕು, ಉಳಿದದ್ದು ಬಾಯಿಗೆ ತಾನಾಗಿ ಬರುತ್ತಿತ್ತು.

ಅವನ ಕಸುಬಿನ ಗುಟ್ಟೆಲ್ಲ ಅರ್ಧ ವಾಕ್ಯದಲ್ಲಿತ್ತು. ಆಟೋ ನಿಲ್ಲುವುದಿಲ್ಲ, ಹೋಗುತ್ತಲೇ ಇರುತ್ತದೆ. ವಾಕ್ಯ ಮುಗಿಯುವ ಮುಂಚೆ ಬೀದಿ ತಿರುಗಿಬಿಟ್ಟರೆ, ಕೇಳುತ್ತಿದ್ದವರಿಗೆ ಉಳಿದ ಅರ್ಧ ಬೇಕಾಗುತ್ತದೆ. ಮಕ್ಕಳು ಆಟೋದ ಹಿಂದೆ ಓಡುತ್ತಿದ್ದರು, ಹೆಂಗಸರು ಸೌಟು ಹಿಡಿದೇ ಬಾಗಿಲಿಗೆ ಬರುತ್ತಿದ್ದರು. ಇದು ಗೊತ್ತಾದ ಮೇಲೆ ಕೇಶವನ್ ಬೇಕೆಂದೇ ಮಾತನ್ನು ಅರ್ಧಕ್ಕೆ ಕಡಿದು ಡ್ರೈವರಿನ ಭುಜ ತಟ್ಟುತ್ತಿದ್ದ. ಸಂಜೆಗೆ ಮಾತು ಗಾಳಿಯಲ್ಲಿ ಹೋಗಿರುತ್ತಿತ್ತು. ನಿನ್ನೆ ಹಿಂಗಂದೆಯಲ್ಲ ಎಂದು ಯಾರೂ ಅವನ ಕೊರಳಪಟ್ಟಿ ಹಿಡಿದದ್ದಿಲ್ಲ.

ನಲವತ್ತಾರನೇ ವಯಸ್ಸಿಗೆ ಗಂಟಲು ಕೈಕೊಟ್ಟಿತು. ಒಳಗೆ ಗಂಟು ಬೆಳೆದಿದೆ, ಇನ್ನು ಜೋರಾಗಿ ಕೂಗಿದರೆ ಇರುವ ದನಿಯೂ ಹೋಗುತ್ತದೆ ಎಂದರು ಡಾಕ್ಟರು. ಮಗ್ಗಕ್ಕೆ ಮರಳೋಣವೆಂದರೆ ಬೆರಳಿಗೆ ಆ ಕೆಲಸ ಯಾವತ್ತೂ ಕೂಡಿಬಂದಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತು ಹೆಂಡತಿಯ ಕಣ್ಣಿಗೆ ಹಗುರವಾಗುತ್ತಿದ್ದ ಕಾಲದಲ್ಲಿ ತಿರುಪ್ಪೂರಿನ ಗೋಕುಲ್ ಕರೆಸಿಕೊಂಡ.

ಗೋಕುಲ್ ಕೇಬಲ್ ಟೀವಿಯ ಹುಡುಗ, ತಮಿಳಿನವನು. ಮಾಳಿಗೆಯ ಕೋಣೆಯೊಂದರಲ್ಲಿ ಕಂಪ್ಯೂಟರ್ ಇಟ್ಟು, ಸುತ್ತಮುತ್ತಲಿನ ವಿಡಿಯೊದವರಿಂದ ತುಂಡುಗಳನ್ನು ತಂದು ಇಂಟರ್ನೆಟ್ಟಿಗೆ ಏರಿಸುವ ಹೊಸ ವ್ಯಾಪಾರ ಶುರು ಮಾಡಿದ್ದ. ಜನ ನೋಡಿದಷ್ಟು ಜಾಹೀರಾತು, ಜಾಹೀರಾತು ಬಂದಷ್ಟು ಕಾಸು. ಜನ ಮಾತ್ರ ನೋಡುತ್ತಿರಲಿಲ್ಲ. ವಾಲ್ಪಾರೈ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹತ್ತಿರ ಆನೆ ಬಂದು ಹೋದ ತುಂಡಿಗೆ ಅವನು ಇಟ್ಟ ಹೆಸರು ‘ವಾಲ್ಪಾರೈ ಆನೆ ವಿಡಿಯೊ’. ಹೀಗೆ ಹೆಸರಿಟ್ಟರೆ ಆನೆಯ ಅಮ್ಮನೂ ನೋಡಲಾರಳು. ಕೇಶವನ್ ಗೊಗ್ಗರು ದನಿಯಲ್ಲಿ ಬೇರೆ ಹೇಳಿದ: ‘ರೇಷನ್ ಅಂಗಡಿಯ ಬಾಗಿಲು ತಟ್ಟಿತು ಕಾಡಾನೆ, ಒಳಗಿದ್ದವನು ಬಾಗಿಲು ತೆಗೆದಾಗ...’ ಅಲ್ಲಿಗೆ ನಿಲ್ಲಿಸಿದ. ಒಳಗೆ ಯಾರೂ ಇರಲಿಲ್ಲ, ಬಾಗಿಲೂ ತೆರೆಯಲಿಲ್ಲ, ಆನೆ ಸೊಂಡಿಲಾಡಿಸಿ ಹೋಯಿತಷ್ಟೆ. ಆದರೆ ವಾರದೊಳಗೆ ದುಬೈಯಿಂದ ಸಿಂಗಪೂರದವರೆಗೆ ಜನ ಆ ಆನೆಯನ್ನು ನೋಡಿದರು. ಗೋಕುಲ್ ಅವನಿಗೊಂದು ಕುರ್ಚಿ ಹಾಕಿದ.

ಕೆಲಸ ನಡೆಯುತ್ತಿದ್ದುದು ಹೀಗೆ. ಟೈಪು ಮಾಡುವ ಈಶ್ವರಿ ತುಂಡನ್ನು ನೋಡಿ ಅದರಲ್ಲಿ ಏನಿದೆ ಎಂದು ಒಂದು ಮಾತಿನಲ್ಲಿ ಹೇಳುವಳು. ಕೇಶವನ್ ಕಣ್ಣು ಮುಚ್ಚಿ, ಉಕ್ಕಡಂನಲ್ಲಿ ಬಸ್ಸಿಗೆ ಓಡುತ್ತಿರುವ ಒಬ್ಬ ಗಂಡಸನ್ನು ನೆನೆಯುವನು. ಏನು ಹೇಳಿದರೆ ಇವನು ಬಸ್ಸು ತಪ್ಪಿದರೂ ಸರಿ ಎಂದು ತಿರುಗಿ ನೋಡುತ್ತಾನೆ? ಅದು ಸಿಕ್ಕಿದರೆ ಬಾಯಿಬಿಡುವನು. ಈಶ್ವರಿ ಆ ತಮಿಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವಳು. ತಮಿಳು ಅಕ್ಷರ ಆಗೆಲ್ಲ ಎಷ್ಟೋ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತಿತ್ತು. ವಿಡಿಯೊವನ್ನು ಕೇಶವನ್ ನೋಡುತ್ತಿರಲಿಲ್ಲ. ನೋಡಿದರೆ ಬಾಯಿ ಕಟ್ಟುತ್ತದೆ ಎಂಬುದು ಅವನ ನಂಬಿಕೆ.

2009ರ ಆಡಿಯಲ್ಲಿ, ಮದುವೆಗಳಿಲ್ಲದ ಆ ತಿಂಗಳಲ್ಲಿ, ಅವಿನಾಶಿಯ ಕಲ್ಯಾಣ ವಿಡಿಯೊದವನೊಬ್ಬ ಹಳೆಯ ಕ್ಯಾಸೆಟ್ಟುಗಳಿಂದ ಕತ್ತರಿಸಿ ಎಸೆದಿದ್ದ ತುಂಡುಗಳನ್ನೆಲ್ಲ ಒಟ್ಟು ಮಾಡಿ ಗೋಕುಲ್‌ಗೆ ಕೊಟ್ಟ. ಈಶ್ವರಿ ಒಂದೊಂದನ್ನೇ ಹೇಳುತ್ತಾ ಹೋದಳು. ಪೂಜಾರಿ ಜಾರಿ ಬಿದ್ದದ್ದು, ಮೇಕೆ ಹಾರ ತಿಂದದ್ದು.

“ಇದರಲ್ಲಿ ಹೆಣ್ಣು ಮಣೆಯಿಂದ ಎದ್ದು ನಿಂತ್ಕೊಳ್ತಾಳೆ ಅಣ್ಣ. ತಾಳಿ ತಟ್ಟೆ ಬಂದಾಗಿದೆ, ಇವಳು ಬಾಗಿಲ ಕಡೆ ನೋಡ್ತಾಳೆ. ಅಲ್ಲಿಗೆ ಕಟ್ಟಾಗಿದೆ.”

“ಯಾರನ್ನ ನೋಡ್ತಾಳೆ?”

“ಕಾಣಲ್ಲೀಂಗಣ್ಣ.”

“ಕಾಣದಿದ್ರೇ ಒಳ್ಳೇದು” ಎಂದ ಕೇಶವನ್. ಕಣ್ಣು ಮುಚ್ಚಿದ. ಉಕ್ಕಡಂನ ಗಂಡಸು ಓಡುವುದನ್ನು ನಿಲ್ಲಿಸಿ ತಿರುಗಿದ. “ಬರ್ಕೊ. ತಾಳಿ ಕಟ್ಟುವ ಹೊತ್ತಿಗೆ ಎದ್ದು ನಿಂತಳು ಹೆಣ್ಣು, ಬಾಗಿಲಲ್ಲಿ ಯಾರನ್ನೋ ಹುಡುಕಿತು ಕಣ್ಣು... ಚುಕ್ಕಿ ಹಾಕಮ್ಮ, ಮೂರು ಚುಕ್ಕಿ.”

ಈಶ್ವರಿ ನಕ್ಕು ಚುಕ್ಕಿ ಹಾಕಿದಳು. ಆನೆಯನ್ನು ನೋಡಿದ್ದಕ್ಕಿಂತ ಹೆಚ್ಚು ಜನ ಅದನ್ನು ನೋಡಿದರು. ಗೋಕುಲ್ ಬಿರಿಯಾನಿ ತರಿಸಿದ.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ಕೇಶವನ್ ತಿರುಪ್ಪೂರಿನಿಂದ ಅವಿನಾಶಿಗೆ ಬಸ್ಸಿನಲ್ಲಿ ಬರುತ್ತಿದ್ದ. ಮುಂದಿನ ಸೀಟಿನಲ್ಲಿ ಬನಿಯನ್ ಕಂಪನಿಯ ಇಬ್ಬರು ಹುಡುಗರು ಒಂದೇ ಫೋನಿಗೆ ತಲೆ ತಲೆ ಹಚ್ಚಿಕೊಂಡಿದ್ದರು. ಒಬ್ಬ ಇನ್ನೊಬ್ಬನಿಗೆ ಬ್ಲೂಟೂತಿನಲ್ಲಿ ಏನೋ ಕಳಿಸುತ್ತಾ, “ಎದ್ದು ನಿಂತಳು ಹೆಣ್ಣು, ಹುಡುಕಿತು ಕಣ್ಣು” ಎಂದು ರಾಗವಾಗಿ ಹೇಳಿದ. ಕೇಶವನಿಗೆ ಹಿಗ್ಗು ತಡೆಯಲಾಗಲಿಲ್ಲ. ಗಂಟಲು ಹೋದ ಮೇಲೆ ತನ್ನ ಮಾತನ್ನು ಬಸ್ಸಿನಲ್ಲಿ ಕೇಳಿದ್ದು ಅದೇ ಮೊದಲು. ನಾನೇ ಕಣಪ್ಪ ಅದನ್ನು ಬರೆದದ್ದು ಅನ್ನಬೇಕೆಂದು ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಗ್ಗಿದ. ಬಗ್ಗಿದವನು ಫೋನಿನ ಪರದೆ ನೋಡಿದ.

ಬೊಟ್ಟಗಲದ ಪರದೆ, ಮಬ್ಬು ಚಿತ್ರ. ಆದರೂ ಎತ್ತಿಕೊಂಡು ಆಡಿಸಿದ ಮಗುವಿನ ಮುಖ ಗುರುತು ಸಿಗದೆ ಇರುತ್ತದೆಯೇ? ಎದ್ದು ನಿಂತವಳು ಕಾರ್ತಿಕಾ. ಅವನ ಅಕ್ಕ ಅಂಗಮ್ಮನ ಒಬ್ಬಳೇ ಮಗಳು.

ಎರಡು ವರ್ಷದ ಹಿಂದಿನ ಆ ಮದುವೆ ಕೇಶವನಿಗೆ ಚೆನ್ನಾಗಿ ನೆನಪಿತ್ತು, ಅವನು ಬಂದ ಮೇಲಿನದು ಮಾತ್ರ. ಅವರ ಮನೆತನದಲ್ಲಿ ಹೆಣ್ಣಿನ ಹಣೆಗೆ ಬಾಸಿಂಗ ಕಟ್ಟಬೇಕಾದವನು ತಾಯಿಯ ಒಡಹುಟ್ಟಿದವನು. ಅವತ್ತು ಬೆಳಿಗ್ಗೆ ಸೀರೆ ಮಾರಾಟದವರಿಗೆ ಒಪ್ಪಿಕೊಂಡಿದ್ದ ಒಂದು ಸುತ್ತು ಮುಗಿಸಿ ಬರುತ್ತೇನೆಂದು ಹೋದವನು, ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದು, ಆಟೋ ಬಿಟ್ಟು ಓಡೋಡಿ ಮಂಟಪಕ್ಕೆ ಬಂದಿದ್ದ. ಬಂದವನೇ ಬಾಸಿಂಗ ಕಟ್ಟಿದ, ತಾಳಿಯಾಯಿತು, ಎಲ್ಲರೂ ಊಟಕ್ಕೆ ಹೋದರು. ಅದಕ್ಕೆ ಮುಂಚೆ ಮುಹೂರ್ತ ಮೀರುತ್ತದೆಂದು ಬೇರೊಬ್ಬ ನೆಂಟನ ಕೈಯಲ್ಲಿ ಬಾಸಿಂಗ ಕಟ್ಟಿಸಲು ಹೊರಟದ್ದು, ಹುಡುಗಿ ಏನೂ ಮಾತಾಡದೆ ಮಣೆಯಿಂದ ಎದ್ದು ನಿಂತು ಬಾಗಿಲ ಕಡೆ ನೋಡಿದ್ದು, ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಹೆಣ್ಣು ಮಣೆಯಿಂದ ಎದ್ದರೆ ಅಪಶಕುನ. ಆದ ಅಪಶಕುನವನ್ನು ಬಾಯಲ್ಲಿ ಆಡಿದರೆ ಅದು ನಿಜವಾಗುತ್ತದೆ, ಆಡದಿದ್ದರೆ ಅಲ್ಲಿಗೇ ಸಾಯುತ್ತದೆ ಎಂದು ಆ ಬೀದಿಯ ಹಿರಿಯರ ಲೆಕ್ಕ. ಕಲ್ಯಾಣದ ಡಿವಿಡಿಯಿಂದಲೂ ಅದನ್ನು ಕತ್ತರಿಸಿ ಹಾಕಿಸಿದ್ದರು. ಇಡೀ ಬೀದಿ ಬಾಯಿ ಹೊಲಿದುಕೊಂಡು ಕಾಪಾಡಿದ್ದನ್ನು ಊರಿಗೆಲ್ಲ ಸಾರಿದವನು ಸ್ವಂತ ಸೋದರಮಾವ.

ಅವಿನಾಶಿ ಬಂದರೂ ಅವನು ಇಳಿಯಲಿಲ್ಲ. ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.

ಮರುದಿನ ಗೋಕುಲ್ ಮುಂದೆ ಕೈಮುಗಿದು ನಿಂತ. ಗೋಕುಲ್ ಕೆಟ್ಟವನಲ್ಲ. ಅಂಗಡಿ ನಡೆಸುತ್ತಿರುವುದೇ ಆ ತುಂಡು ಎಂದು ಗೊಣಗಿದರೂ ಅವನೆದುರಿಗೇ ತೆಗೆದುಹಾಕಿದ. “ಆದರೆ ಅಣ್ಣ, ಇದು ಇಲ್ಲಿಂದ ಹೋಯ್ತು ಅಷ್ಟೆ. ಮೊಬೈಲ್ ಅಂಗಡಿಯವರೆಲ್ಲ ಮೆಮೊರಿ ಕಾರ್ಡಿಗೆ ಹಾಕಿ ಕೊಡ್ತಿದಾರೆ. ಬೇರೆಯವರು ಅವರವರ ಹೆಸರಲ್ಲಿ ಏರಿಸಿದಾರೆ, ನೋಡಿ.” ಈಶ್ವರಿ ಹುಡುಕಿ ಹುಡುಕಿ ತೋರಿಸಿದಳು. ಎಲ್ಲದರ ನೆತ್ತಿಯ ಮೇಲೂ ಅದೇ ಹೆಣ್ಣು, ಅದೇ ಕಣ್ಣು, ಅದೇ ಮೂರು ಚುಕ್ಕಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನ ಅಮ್ಮ ಹೇಳುತ್ತಿದ್ದಳು. ಇಲ್ಲಿ ಆಡಿದ ಮಾತು ಹೋಗಲೇ ಒಲ್ಲದು.

ಆ ವಾರವೇ ಕಾರ್ತಿಕಾ ತವರಿಗೆ ಬಂದಳು. ಬಂದಳು ಅನ್ನುವುದಕ್ಕಿಂತ ಅವಳ ಗಂಡ ಲೋಗನಾಥನ್ ಬಸ್ಸು ಹತ್ತಿಸಿ ಕಳಿಸಿದ. ಲೋಗು ಇವರ ಪೈಕಿಯೇ, ತಿರುಪ್ಪೂರಿನಲ್ಲಿ ಕಟಿಂಗ್ ಮಾಸ್ಟರು, ಮೆದು ಹುಡುಗ. ಕಂಪನಿಯಲ್ಲಿ ಅವನು ಬಟ್ಟೆಗೆ ಕತ್ತರಿ ಇಟ್ಟರೆ ಸಾಕು, ಹಿಂದಿನಿಂದ ಯಾರಾದರೂ ಆ ಸಾಲನ್ನು ಹಾಡುತ್ತಿದ್ದರು.

ಕೇಶವನ್ ಅಕ್ಕನ ಮನೆಯ ಬಾಗಿಲಲ್ಲಿ ನಿಂತ. ಅಂಗಮ್ಮ ತಲೆ ಎತ್ತಲಿಲ್ಲ. “ಬಾ ಕೇಶವಾ” ಎಂದಳು, ಅಷ್ಟೆ. ಒಳಗೆ ಕಾರ್ತಿಕಾ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಅದು ನೀವು ಬರೆದದ್ದು ಅಂತ ಕೇಳಿದ ಕೂಡ್ಲೆ ಗೊತ್ತಾಯ್ತು ಮಾಮ” ಎಂದಳು. “ಬೇರೆ ಯಾರಿಗೆ ಹಂಗೆ ಬರ್ತದೆ.”

“ನೋಡದೆ ಬರೆದೆ ಕಣ್ಣಮ್ಮ. ದೇವರಾಣೆಗೂ ನೋಡ್ಲಿಲ್ಲೆ.”

“ನಂಗೆ ಗೊತ್ತು. ಚಿಕ್ಕಂದಿನಲ್ಲಿ ನಾನೂ ನಿಮ್ಮ ಆಟೋ ಹಿಂದೆ ಓಡಿದವಳೇ ಅಲ್ವಾ, ಉಳಿದ ಅರ್ಧ ಕೇಳಕ್ಕೆ. ಈಗ ಆ ಅರ್ಧ ಏನು ಅಂತ ಎಲ್ಲಾರೂ ನನ್ನ ಕೇಳ್ತಾರೆ. ಮಾಮನ್ನ ನೋಡ್ದೆ ಅಂದ್ರೆ ನಗ್ತಾರೆ. ಅವರೂ ನಂಬ್ತಿಲ್ಲೆ.”

ಅವರು ಅಂದರೆ ಗಂಡ. ಅವಳು ಬೈದಿದ್ದರೆ, ಕೈಯಲ್ಲಿದ್ದ ಕಂಡಿಕೆ ಎಸೆದಿದ್ದರೆ ಕೇಶವನಿಗೆ ಉಸಿರಾಡಲು ಜಾಗವಾಗುತ್ತಿತ್ತು. ಅವಳು ನೂಲು ಸುತ್ತುತ್ತಲೇ ಇದ್ದಳು. ಅವಳನ್ನು ಅವಳ ಮನೆಗೆ ಸೇರಿಸದೆ ತನಗೆ ಅನ್ನ ಇಳಿಯುವುದಿಲ್ಲ ಎಂಬುದಷ್ಟೇ ಅವನಿಗೆ ತಿಳಿಯಿತು.

ಭಾನುವಾರ ಲೋಗನಾಥನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಬರೆದವನು ನಾನು, ಬರೆದದ್ದು ಹೊಟ್ಟೆಪಾಡಿಗೆ, ಅವಳು ಎದ್ದದ್ದು ನನಗಾಗಿ, ಬಾಗಿಲಲ್ಲಿ ಹುಡುಕಿದ್ದು ನನ್ನನ್ನು. ಲೋಗು ಮರ್ಯಾದೆಯಿಂದ ಕೇಳಿಸಿಕೊಂಡ.

“ಮಾಮ, ನಾನು ಪಕ್ಕದಲ್ಲೇ ಕೂತಿದ್ದೆ. ತಲೆ ಬಗ್ಸಿ ಕೂರು ಅಂದಿದ್ರು, ಕೂತಿದ್ದೆ. ಅವಳು ಎದ್ದದ್ದು ಗೊತ್ತು. ಯಾಕೆ ಅಂತ ಯಾರೂ ಮಾತಾಡ್ಲಿಲ್ಲೆ, ನಾನೂ ಕೇಳ್ಲಿಲ್ಲೆ. ಎರಡು ವರ್ಷ ಅದು ನೆನಪೂ ಆಗ್ಲಿಲ್ಲೆ. ಈಗ ಆ ಸಾಲು ಓದಿಬಿಟ್ಟು ನೋಡಿದ್ರೆ ಬೇರೆ ಥರ ಕಾಣ್ತದೆ.”

“ಆ ಸಾಲು ಸುಳ್ಳಪ್ಪ. ನನ್ನ ಬಾಯಿಂದ ಬಂದದ್ದು.”

“ಇದೂ ನಿಮ್ಮ ಬಾಯಿಂದ್ಲೇ ಬರ್ತಾ ಇರೋದು ಮಾಮ. ಅಕ್ಕನ ಮಗಳಿಗೋಸ್ಕರ ನೀವು ಇನ್ನೊಂದು ಹೇಳಲ್ವಾ? ಯಾವುದನ್ನ ನಂಬ್ಲಿ?”

ಊರನ್ನೆಲ್ಲ ತಿರುಗಿ ನೋಡುವಂತೆ ಮಾಡಿದ ಬಾಯಿ ಒಬ್ಬ ಹುಡುಗನನ್ನು ನಂಬಿಸಲಾರದೆ ಹೋಯಿತು. ಎಷ್ಟು ಚೆನ್ನಾಗಿ ಹೇಳಿದರೆ ಅಷ್ಟು ಅನುಮಾನ. ಸುಮ್ಮನಿದ್ದರೂ ಅನುಮಾನ.

ಆಗ ಅವನಿಗೆ ಹೊಳೆದದ್ದು ಮೂಲ ಕ್ಯಾಸೆಟ್ಟು. ವಿಡಿಯೊದವನ ಕಾಲು ಹಿಡಿಯುವುದೊಂದು ಬಾಕಿ, ಧೂಳು ಹಿಡಿದ ಅಟ್ಟದಿಂದ ಹುಡುಕಿ ತೆಗೆಸಿದ. ಗೋಕುಲ್‌ನ ಕೋಣೆಯಲ್ಲಿ ಅದನ್ನು ಹಾಕಿಸಿ ಮೊದಲ ಸಲ ಕಣ್ಣು ಬಿಟ್ಟು ಕೂತು ನೋಡಿದ. ಕಾರ್ತಿಕಾ ಏಳುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ. ಹಿರಿಯರು ಕೂರು ಕೂರು ಅನ್ನುತ್ತಾರೆ, ಅವಳು ಕೂರುವುದಿಲ್ಲ. ಕ್ಯಾಮೆರಾ ತಿರುಗುತ್ತದೆ. ಬೆವರಿನಲ್ಲಿ ತೊಯ್ದ ಅಂಗಿ, ಹೆಗಲಿಂದ ಜಾರಿದ ಟವೆಲು, ತಲೆ ತಗ್ಗಿಸಿ ಜನರ ನಡುವೆ ಎಡವುತ್ತಾ ಬರುವ ಕೇಶವನ್. ಮತ್ತೆ ಕ್ಯಾಮೆರಾ ಅವಳ ಮುಖಕ್ಕೆ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖ ಪೂರ್ತಿ ಅರಳಿ, ಕಣ್ಣಲ್ಲಿ ನೀರು ತುಂಬಿ, ಅವಳು ಮಣೆಯ ಮೇಲೆ ಕೂರುತ್ತಾಳೆ. ಕೇಶವನ್ ಅಳತೊಡಗಿದ. ಈಶ್ವರಿ ನೀರು ತಂದುಕೊಟ್ಟಳು.

“ಪೂರ್ತಿ ಏರಿಸಿಬಿಡೋಣ ಅಣ್ಣ” ಎಂದ ಗೋಕುಲ್. “ಹೆಸರು ಹೇಳಿ.”

“ಬಾಸಿಂಗ ಕಟ್ಟಲು ಸೋದರಮಾವನೇ ಬರಲಿ ಎಂದು ಕಾದು ನಿಂತ ಹೆಣ್ಣು, ಅವನು ಬಂದ ಮೇಲೆ ಕೂತಳು.”

ಏರಿಸಿದರು. ನೋಡಿದವರು ಇಲ್ಲವೆಂಬಷ್ಟು ಕಡಿಮೆ. “ಎಲ್ಲಾನೂ ನೀವೇ ಹೇಳಿಬಿಟ್ರೆ ಯಾರು ತೆಗೆದು ನೋಡ್ತಾರೆ?” ಎಂದ ಗೋಕುಲ್. “ಬಾಗಿಲಿಂದ ಕೊನೆಗೂ ಬಂದವನು ಯಾರು, ಅಂತ ನಿಲ್ಲಿಸಿ. ಹಳೇದನ್ನ ನೋಡಿದವರೆಲ್ಲ ಓಡಿ ಬರ್ತಾರೆ.”

ಅದು ನಿಜವೆಂದು ಕೇಶವನಿಗೆ ಗೋಕುಲ್‌ಗಿಂತ ಚೆನ್ನಾಗಿ ಗೊತ್ತಿತ್ತು. ಆ ಸಾಲು ಅವನ ನಾಲಿಗೆಯ ತುದಿಗೇ ಬಂದು ಕೂತಿತ್ತು. ಸತ್ಯ ನೋಡಿಸಬೇಕಾದರೂ ಅದೇ ಗಾಳಕ್ಕೆ ಸಿಕ್ಕಿಸಬೇಕು. ಸಿಕ್ಕಿಸಿದರೆ ಹೆಣ್ಣುಮಗಳು ಮತ್ತೊಮ್ಮೆ ಊರೂರಿನ ಫೋನುಗಳಲ್ಲಿ ಎದ್ದು ನಿಲ್ಲಬೇಕು. ಅವನು ಬಾಯಿ ಮುಚ್ಚಿಕೊಂಡ. ಊರು ಹೇಗೂ ಹಾಳಾಗಲಿ, ಒಬ್ಬ ನೋಡಿದರೆ ಸಾಕೆಂದು ಲೋಗನಾಥನನ್ನೇ ಕರೆತಂದ.

ಲೋಗು ಮೊದಲಿನಿಂದ ಕೊನೆಯವರೆಗೆ ನೋಡಿದ. ಕೇಶವನ್ ಎಡವುತ್ತಾ ಬಂದದ್ದನ್ನು ನೋಡಿದ. ಕಾರ್ತಿಕಾಳ ಮುಖ ಬಂದಾಗ, ಇನ್ನೊಮ್ಮೆ ಹಾಕಿ ಎಂದ. ಈಶ್ವರಿ ಹಾಕಿದಳು. ಕೇಶವನ್ ಅವನನ್ನೇ ನೋಡುತ್ತಿದ್ದ.

“ನೀವು ಹೇಳಿದ್ದು ನಿಜ ಮಾಮ” ಎಂದ ಲೋಗು. “ನಿಮ್ಮನ್ನೇ ನೋಡಿದ್ದು.” ಕುರ್ಚಿಯಿಂದ ಏಳುತ್ತಾ ಹೇಳಿದ: “ಇಷ್ಟು ದಿನದಲ್ಲಿ ನನ್ನ ನೋಡಿ ಒಂದ್ಸಲಾನೂ ಅವಳ ಮುಖ ಹಿಂಗೆ ಅರಳ್ಲಿಲ್ಲೆ.”

ಮಾರನೆಯ ದಿನ ಅವನೇ ಬಂದು ಹೆಂಡತಿಯನ್ನು ಕರೆದುಕೊಂಡು ಹೋದ. ಬೀದಿಯವರು ನಿಟ್ಟುಸಿರು ಬಿಟ್ಟರು. ಹೋಗುವ ಮುಂಚೆ ಅತ್ತೆಯನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದ, ಅದನ್ನು ಅಂಗಮ್ಮ ಕಷ್ಟಪಟ್ಟು ತಮ್ಮನಿಗೆ ಮುಟ್ಟಿಸಿದಳು. ಇನ್ನು ಮಾಮ ನಮ್ಮ ಮನೆ ಬಾಗಿಲಿಗೆ ಬರೋದು ಬೇಡ. ಕೋಪವೇನೂ ಇಲ್ಲ. ಅವರು ಬಾಗಿಲಲ್ಲಿ ನಿಂತರೆ ನಾನು ಇವಳ ಮುಖ ನೋಡ್ತೇನೆ, ಅದು ನನ್ನ ಕೈಲಾಗಲ್ಲ.

ಕೇಶವನ್ ಸರಿ ಎಂದ. ಬೇರೇನು ಅನ್ನುವುದು? ಮಾತಿನಿಂದ ಬಿಡಿಸಿಕೊಳ್ಳಬಹುದಾದ ಗಂಟಾಗಿದ್ದರೆ ಅವನಿಗಿಂತ ಜಾಣ ಇರಲಿಲ್ಲ. ಅವನು ಅದೇ ಕುರ್ಚಿಗೆ ಹೋದ, ಏಕೆಂದರೆ ಹೋಗಲು ಬೇರೆ ಕುರ್ಚಿ ಇರಲಿಲ್ಲ. ಈಶ್ವರಿ ಒಂದೊಂದೇ ತುಂಡನ್ನು ಹೇಳುವಳು, ಇವನು ಈಗ ಎದ್ದು ಬಂದು ಪೂರ್ತಿ ನೋಡುವನು. ನೋಡಿದ ಮೇಲೆ ಮಾತು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಗೋಕುಲ್ ಮುಖ ಸಿಂಡರಿಸುತ್ತಿದ್ದ. ಕೊನೆಕೊನೆಗೆ ಗೋಕುಲ್ ಬೈಯುವ ಮುಂಚೆಯೇ ಕೇಶವನ್ ತಾನಾಗಿ ಬಾಲ ಕತ್ತರಿಸಿ ಮೂರು ಚುಕ್ಕಿ ಹಾಕಿಸುತ್ತಿದ್ದ, ಹಾಕಿಸಿ ಆ ದಿನವೆಲ್ಲ ತನ್ನ ಮೇಲೆ ತಾನೇ ಸಿಡುಕುತ್ತಿದ್ದ.

ವರ್ಷ ತಿರುಗುವಷ್ಟರಲ್ಲಿ ಕಾರ್ತಿಕಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲೇ ಬಳೆ ತೊಡಿಸುವ ಶಾಸ್ತ್ರ. ಮೊದಲ ಬಳೆ ಸೋದರಮಾವನದು, ಅವನೇ ಕೈಯಾರೆ ತೊಡಿಸಬೇಕು. ಕೇಶವನ್ ಅವಿನಾಶಿ ದೇವಸ್ಥಾನದ ಎದುರಿನ ಅಂಗಡಿಯಲ್ಲಿ ಹಸಿರು ಗಾಜಿನ ಬಳೆಗಳನ್ನು ಆರಿಸಿ, ಪೂಜೆ ಮಾಡಿಸಿ, ವೀಳ್ಯದೆಲೆಯ ಜೊತೆ ಅಕ್ಕನ ಕೈಗೆ ಕೊಟ್ಟು ಕಳಿಸಿದ. ಇಡೀ ದಿನ ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದ.

ಸಂಜೆ ಅಂಗಮ್ಮ ಬಂದಳು. ಶಾಸ್ತ್ರ ಚೆನ್ನಾಗಾಯ್ತು, ಮಗಳು ದುಂಡಗಾಗಿದಾಳೆ, ನಿನ್ನ ಬಳೆನೇ ಮೊದಲು ಹಾಕಿದ್ರು, ಲೋಗುವಿನ ಚಿಕ್ಕಪ್ಪ ತೊಡಿಸಿದ್ರು ಎಂದೆಲ್ಲ ಹೇಳಿದಳು. ಅವನು ತಲೆಯಾಡಿಸಿದ. ಅವಳು ಒಳಗೆ ಹೋಗಲು ಎದ್ದಾಗ, ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟ.

“ಅಕ್ಕ, ಅವಳು ಬಾಗಿಲ ಕಡೆ ನೋಡಿದಳಾ?”

ಅಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ನೋಡ್ಲಿಲ್ಲೆ ಕೇಶವಾ. ಫೋಟೊದವನು ಮುಖ ತೋರ್ಸಮ್ಮ ಅಂತ ಎಷ್ಟು ಸಲ ಕೇಳ್ದ. ಕೂತಷ್ಟು ಹೊತ್ತೂ ತಲೇನೇ ಎತ್ಲಿಲ್ಲೆ.”